ಏಳು ಮಣಿಯ ಕೊರಳು

ಮೇಷ್ಟ್ರು: ಬಾ ತಾಯಿ, ಆ ಕುರ್ಚಿಯನ್ನು ಇತ್ತ ಎಳೆದುಕೊಂಡು ನನ್ನ ಎದುರಿಗೇ ಕುಳಿತುಕೊ, ಪಕ್ಕದಲ್ಲಿ ಕುಳಿತರೆ ನಿನ್ನ ಮುಖವನ್ನು ನೋಡುವುದಕ್ಕೆ ಇಡೀ ದೇಹವನ್ನೇ ತಿರುಗಿಸಬೇಕಾದ ಸ್ಥಿತಿಗೆ ಬಂದಿದ್ದೇನೆ. ಮೂರು ತಿಂಗಳಿಂದ ಕತ್ತು ಹಿಡಿದುಕೊಂಡಿದೆ. ಬಲಕ್ಕೆ ಹೊರಳಿಸಿದರೆ ಒಳಗೆ ಮರಳು ಅರೆದಂತೆ ಕರಕರ ಸದ್ದು. ಉಪ್ಪಿನ ಕಾವು ಕೊಟ್ಟದ್ದಾಯಿತು, ನೀಲಗಿರಿ ಎಣ್ಣೆ ತಿಕ್ಕಿದ್ದಾಯಿತು. ಕಡೆಗೆ ಮಗ ಬಲವಂತದಿಂದ ಕರೆದೊಯ್ದು ಎಕ್ಸ್‌ರೇ ತೆಗೆಸಿದ. ಅದರೊಡನೆ ಕೊಟ್ಟ ಕಾಗದದಲ್ಲಿ ‘ಡಿಜೆನರೇಟಿವ್’ ಎಂಬೊಂದು ಮಾತಿತ್ತು. ಹಳೆಯ ಅಭ್ಯಾಸದಂತೆ ನಿಘಂಟನ್ನು ತೆರೆದೆ. ಅವನತಿ, ಅಧಃಪತನ, ಭ್ರಷ್ಟತೆ ಎಂದು ಅರ್ಥಗಳು ಸಾಲಾಗಿ ನಿಂತಿದ್ದವು. ಅಂದಿನಿಂದ ನಿದ್ರೆ ಸರಿಯಾಗಿಲ್ಲ.

ವೈದ್ಯೆ: ತಲೆಗೂದಲು ನರೆತದ್ದನ್ನು ಯಾರೂ ಅಧಃಪತನವೆಂದು ಬರೆಯುವುದಿಲ್ಲ, ಮೇಷ್ಟ್ರೇ, ಕತ್ತಿನ ಎಲುಬು ನರೆತರೆ ಮಾತ್ರ ಹಾಗೆ ಬರೆದು, ಬಿಡಿಸಿ ಹೇಳದೆ, ರೋಗಿಯ ಕೈಯಲ್ಲಿಟ್ಟು ಕಳುಹಿಸಿಬಿಡುತ್ತೇವೆ. ಅದು ನಮ್ಮ ವೃತ್ತಿಯ ದೋಷವೆಂದೇ ನಾನು ತಿಳಿದಿದ್ದೇನೆ. ಚಿತ್ರವನ್ನು ಆಮೇಲೆ ನೋಡೋಣ. ಚಿತ್ರ ಯಾವುದರ ನೆರಳೋ ಆ ವಸ್ತುವನ್ನು ತಾವು ಮೊದಲು ಕೈಯಾರೆ ಮುಟ್ಟಿ ನೋಡಬೇಕೆಂದು, ಮೊದಲನೆಯ ವರ್ಷದ ವಿದ್ಯಾರ್ಥಿನಿಯಾಗಿದ್ದಾಗ ಕೊಂಡ ಎಲುಬಿನ ಪೆಟ್ಟಿಗೆಯಿಂದ ಕತ್ತಿನ ಎರಡು ಮಣಿಗಳನ್ನು ಈ ಬಟ್ಟೆಯಲ್ಲಿ ಸುತ್ತಿ ತಂದಿದ್ದೇನೆ.

ಮೇಷ್ಟ್ರು: ನಿಜವಾದ ಎಲುಬುಗಳೆ? ಯಾರವು ತಾಯಿ, ಇವು?

ವೈದ್ಯೆ: ನನಗೆ ಗೊತ್ತಿಲ್ಲ, ಗೊತ್ತಾಗುವ ಮಾರ್ಗವೂ ಇಲ್ಲ. ಹೆಸರು ಹೇಳದೆಯೇ ನನಗೆ ಪಾಠ ಹೇಳಿದವರು ಎಂದು ಭಾವಿಸಿಕೊಂಡಿದ್ದೇನೆ. ಇಷ್ಟು ವರ್ಷಗಳಾದರೂ ಕೈ ತೊಳೆದುಕೊಂಡೇ ಮುಟ್ಟುತ್ತೇನೆ.

ಮೇಷ್ಟ್ರು: ಹಾಗಾದರೆ ನಾನೂ ತೊಳೆದುಕೊಂಡು ಬರುತ್ತೇನೆ, ಇರು. … ಹೂಂ, ಈಗ ಕೊಡು. ಎಷ್ಟು ಹಗುರ!

ವೈದ್ಯೆ: ಇದು ಮೊದಲನೆಯ ಮಣಿ, ಅಟ್ಲಾಸ್. ಆಕಾಶವನ್ನು ಹೆಗಲ ಮೇಲೆ ಹೊತ್ತು ನಿಂತನೆಂದು ಗ್ರೀಕರು ಹೇಳುವ ದೈತ್ಯನ ಹೆಸರು. ತಲೆಯೆಂಬ ಗೋಳವನ್ನು ಹೊತ್ತಿರುವುದರಿಂದ ಇದಕ್ಕೂ ಆ ಹೆಸರು ಬಂತು. ಉಳಿದ ಮಣಿಗಳಿಗೆಲ್ಲ ಮುಂದುಗಡೆ ಗಟ್ಟಿಯಾದ ಒಂದು ಒಡಲೂ ಹಿಂದುಗಡೆ ಒಂದು ಮುಳ್ಳೂ ಇರತಕ್ಕದ್ದು. ಇದಕ್ಕೆ ಅವೆರಡೂ ಇಲ್ಲ, ಬರಿಯ ಉಂಗುರ. ಮೇಲ್ಭಾಗದಲ್ಲಿ ಎರಡು ತಗ್ಗುಗಳಿವೆ, ಬೆರಳಾಡಿಸಿ ನೋಡಿ, ಹಣತೆಯ ಒಳಮೈಯಂತೆ ನಯವಾಗಿವೆ. ತಲೆಬುರುಡೆಯ ಬುಡದ ಎರಡು ಉಬ್ಬುಗಳು ಇವುಗಳಲ್ಲಿ ಕುಳಿತು ಹಿಂದಕ್ಕೂ ಮುಂದಕ್ಕೂ ತೂಗುತ್ತವೆ. ಇನ್ನು ಇದು ಎರಡನೆಯದು, ಆಕ್ಸಿಸ್. ಇದರ ನೆತ್ತಿಯಿಂದ ಹಲ್ಲಿನಾಕಾರದ ಒಂದು ಮೊಳೆ ಅರ್ಧ ಅಂಗುಲಕ್ಕೆ ತುಸು ಮಿಗಿಲಾಗಿ ಮೇಲೆದ್ದಿರುವುದನ್ನು ನೋಡಿ. ಭ್ರೂಣಾವಸ್ಥೆಯಲ್ಲಿ ಅದು ಅಟ್ಲಾಸಿನ ಒಡಲಾಗಬೇಕಾಗಿದ್ದ ಭಾಗ. ಬೆಳೆಬೆಳೆಯುತ್ತ ತನ್ನ ಮಣಿಯನ್ನು ತೊರೆದು ಕೆಳಗಿನದಕ್ಕೆ ಬೆಸೆದುಕೊಂಡಿತು. ಒಡಲನ್ನು ಬಿಟ್ಟುಕೊಟ್ಟದ್ದರಿಂದ ಮೇಲಿನದು ಉಂಗುರವಾಯಿತು, ಉಂಗುರವಾದದ್ದರಿಂದ ತಿರುಗಬಲ್ಲದಾಯಿತು. ಪ್ರತಿವರ್ಷವೂ ಇದನ್ನು ಹೇಳಿಕೊಡುತ್ತೇನೆ; ಪ್ರತಿಸಲವೂ ಮೈ ಜುಮ್ಮೆನ್ನುತ್ತದೆ. ಈ ಹಲ್ಲನ್ನು ಉಂಗುರದ ಮುಂಭಾಗಕ್ಕೆ ತಾವೇ ಕೂಡಿಸಿ ನೋಡಿ.

ಮೇಷ್ಟ್ರು: ಕೂಡುತ್ತಿಲ್ಲವಲ್ಲ. … ಮತ್ತೆ ಜಾರಿತು. ಬೆರಳಿಗೆ ಸರಿಯಾಗಿ ಹಿಡಿತ ಸಿಗುತ್ತಿಲ್ಲ. ನೀನೇ ಕೂಡಿಸಿ ತೋರಿಸು.

ವೈದ್ಯೆ: ಅವಸರವಿಲ್ಲ, ಹೀಗೆ. ಈಗ ಉಂಗುರವನ್ನು ಬಲಕ್ಕೆ ತಿರುಗಿಸುತ್ತೇನೆ, ಎಡಕ್ಕೆ ತಿರುಗಿಸುತ್ತೇನೆ; ರಾಗಿಕಲ್ಲು ಗೂಟದ ಸುತ್ತ ತಿರುಗಿದಂತೆ ತಿರುಗುತ್ತದೆ. ‘ಇಲ್ಲ’ ಎಂದು ತಲೆಯಾಡಿಸುವುದು ಇಲ್ಲಿಯೇ. ಕತ್ತು ಒಂದೊಂದು ಪಕ್ಕಕ್ಕೆ ಸುಮಾರು 80 ಡಿಗ್ರಿಯಷ್ಟು ಹೊರಳುವುದಾದರೆ ಅದರಲ್ಲಿ ಅರ್ಧದಷ್ಟು ಈ ಒಂದೇ ಕೀಲಿನ ಕೆಲಸ. ಜೀವಂತ ದೇಹದಲ್ಲಿ ಹಲ್ಲಿನ ಹಿಂದೆ ಬಲವಾದ ಅಡ್ಡಕಟ್ಟೊಂದು ಬಿಗಿದಿರುತ್ತದೆ. ಅದು ಹರಿದರೆ ಹಲ್ಲು ಹಿಂದಕ್ಕೆ ಸರಿದು ಬೆನ್ನುಹುರಿಗೆ ತಾಗೀತು. ಆದುದರಿಂದಲೋ ಏನೋ, ಈ ಉಂಗುರದೊಳಗಿನ ಎಡೆಯಲ್ಲಿ ಮೂರರಲ್ಲೊಂದು ಪಾಲು ಹಲ್ಲಿಗೆ, ಇನ್ನೊಂದು ಪಾಲು ಬೆನ್ನುಹುರಿಗೆ ಸಂದು, ಉಳಿದೊಂದು ಪಾಲು ಬರಿದಾಗಿದೆ. ಇಷ್ಟೊಂದು ತಿರುಗುವ ಎಡೆಯಲ್ಲಿ ಆ ಬರಿದಾದ ಪಾಲೇ ನಮ್ಮನ್ನು ಕಾಯುತ್ತದೆ.

ಮೇಷ್ಟ್ರು: ‘ಗೋಣು ಹಾಕುವುದು’ ಎನ್ನುತ್ತೇವೆ, ‘ತಲೆಯಾಡಿಸುವುದು’ ಎನ್ನುತ್ತೇವೆ, ಒಪ್ಪುವುದಕ್ಕೆ ಒಂದು ಕೀಲು, ಒಲ್ಲೆನೆನ್ನುವುದಕ್ಕೆ ಮತ್ತೊಂದು ಕೀಲು ಎಂಬುದು ಇಂದು ತಿಳಿಯಿತು. ನಂದಿಕೇಶ್ವರನು ಅಭಿನಯದರ್ಪಣದಲ್ಲಿ ಒಂಬತ್ತು ಬಗೆಯ ಶಿರೋಭೇದಗಳನ್ನೂ ನಾಲ್ಕು ಬಗೆಯ ಗ್ರೀವಾಭೇದಗಳನ್ನೂ ಎಣಿಸಿದ್ದಾನೆ. ತಲೆಯ ಚಲನೆ ಬೇರೆ, ಕತ್ತಿನ ಚಲನೆ ಬೇರೆ ಎಂದು ಅವನು ವಿಂಗಡಿಸಿದ್ದನ್ನು ಕಂಡು ಇದು ಬರಿಯ ಶಾಸ್ತ್ರಕಾರರ ಎಣಿಕೆಯ ಚಪಲವೆಂದುಕೊಂಡಿದ್ದೆ. ಅವುಗಳಲ್ಲಿ ಸುಂದರೀ ಎಂಬುದೊಂದುಂಟು. ಮುಖವು ಓರೆಯಾಗದೆ ಕತ್ತು ಮಾತ್ರ ಅತ್ತಿತ್ತ ಸರಿಯತಕ್ಕದ್ದು. ನನ್ನ ಮೊಮ್ಮಗಳು ಅದನ್ನು ಕಲಿಯುವುದಕ್ಕೆ ಕನ್ನಡಿಯ ಮುಂದೆ ತಿಂಗಳುಗಟ್ಟಲೆ ನಿಂತಳು.

ವೈದ್ಯೆ: ಆ ವಿಂಗಡಣೆ ದೇಹರಚನೆಗೆ ತಕ್ಕದ್ದೇ. ಮೇಲಿನ ಈ ಎರಡು ಕೀಲುಗಳದು ಒಂದು ರಾಜ್ಯ, ಎರಡನೆಯ ಮಣಿಯಿಂದ ಕೆಳಗಿನದು ಇನ್ನೊಂದು. ಮೊಮ್ಮಗಳು ಮಾಡುವ ಸುಂದರಿಯಲ್ಲಿ ಕತ್ತಿನ ಕೆಳಭಾಗವು ಒಂದು ಪಕ್ಕಕ್ಕೆ ಬಾಗುತ್ತದೆ, ಮೇಲ್ಭಾಗವು ಅದಕ್ಕೆ ಎದುರು ಪಕ್ಕಕ್ಕೆ ಬಾಗುತ್ತದೆ. ಎರಡು ಬಾಗುಗಳೂ ಒಂದನ್ನೊಂದು ಸರಿದೂಗಿಸುವುದರಿಂದ ಮುಖವು ನೆಟ್ಟಗೆ ಉಳಿದು ಪಕ್ಕಕ್ಕೆ ಜಾರಿದಂತೆ ಕಾಣುತ್ತದೆ. ಕೆಳಗಿನ ಮಣಿಗಳಲ್ಲಿ ಹಿಂಬದಿಯ ಜೋಡಿ ಕೀಲುಗಳು ಹೆಂಚಿನ ಮೇಲೆ ಹೆಂಚು ಹೊದಿಸಿದಂತೆ ಸುಮಾರು 45 ಡಿಗ್ರಿ ಓರೆಯಾಗಿರುವುದರಿಂದ ಅಲ್ಲಿ ಬರಿಯ ಬಾಗು ಎಂಬುದೇ ಅಸಾಧ್ಯ. ಬಲಕ್ಕೆ ಬಾಗಿದರೆ ತುಸು ಬಲಕ್ಕೆ ತಿರುಗಲೇಬೇಕು.

ಮೇಷ್ಟ್ರು: ಒಟ್ಟು ಏಳೇ ಮಣಿಗಳಲ್ಲವೆ? ನಮ್ಮ ಮೈಸೂರು ಮೃಗಾಲಯದ ಜಿರಾಫೆಗೆ ಎಷ್ಟಿರಬಹುದು?

ವೈದ್ಯೆ: ಅದಕ್ಕೂ ಏಳೇ, ಹೆಚ್ಚಿನವು ಗೇಣುದ್ದಕ್ಕಿಂತ ದೊಡ್ಡವು. ಇಲಿಗೂ ಏಳು, ಕತ್ತೇ ಕಾಣದ ತಿಮಿಂಗಿಲಕ್ಕೂ ಏಳು. ಸ್ತನಿಗಳಲ್ಲಿ ಈ ಲೆಕ್ಕವನ್ನು ಮೀರಿದವು ಸ್ಲಾತ್, ಮ್ಯಾನಟೀ ಎಂಬ ಬೆರಳೆಣಿಕೆಯ ಪ್ರಾಣಿಗಳು ಮಾತ್ರ. ನಮ್ಮ ಏಳರ ಮೇಲೆ ಸುಮಾರು ಐದು ಕಿಲೋ ತೂಕದ ತಲೆ ಕುಳಿತಿದೆ, ಅದೂ ನಡುತೂಕಕ್ಕೆ ಸರಿಯಾಗಿ ಅಲ್ಲ, ತುಸು ಮುಂದಕ್ಕೆ ಓಲಿ. ಕುಳಿತಲ್ಲಿಯೇ ತೂಕಡಿಸುವವರ ತಲೆ ಮುಂದಕ್ಕೇ ಬೀಳುವುದನ್ನು ಬಸ್ಸಿನಲ್ಲಿ ನಿತ್ಯವೂ ಕಾಣುತ್ತೇವೆ. ಎಚ್ಚರವಾಗಿರುವಷ್ಟು ಹೊತ್ತೂ ಹೆಕ್ಕತ್ತಿನ ಸ್ನಾಯುಗಳು ಅದನ್ನು ಹಿಂದಕ್ಕೆ ಜಗ್ಗಿ ಹಿಡಿದಿರಬೇಕು.

ಮೇಷ್ಟ್ರು: ಅಂದರೆ, 35 ವರ್ಷ ತಲೆ ತಗ್ಗಿಸಿ ಉತ್ತರಪತ್ರಿಕೆಗಳನ್ನು ತಿದ್ದಿದ್ದರ ಫಲವೇ ಇದು?

ವೈದ್ಯೆ: ಅದರ ಪಾಲು ಸ್ವಲ್ಪವಿರಬಹುದು, ತಂದೆತಾಯಿಗಳಿಂದ ಬಂದ ಪಾಲೂ ಇದೆ, ಎಲ್ಲಕ್ಕಿಂತ ಮಿಗಿಲಾದುದು ವಯಸ್ಸಿನ ಪಾಲು. ತಲೆಯ ಮೇಲೆ ಸಿಂಬಿಯಿಟ್ಟು ವರ್ಷಾನುಗಟ್ಟಲೆ ಭಾರ ಹೊತ್ತವರಲ್ಲಿ ಇದು ಬೇಗ ಕಾಣಿಸಿಕೊಳ್ಳುವುದುಂಟು. ಆದರೆ ಯಾವ ಭಾರವನ್ನೂ ಹೊರದವರಲ್ಲಿಯೂ ಕಾಲ ಬಂದಾಗ ಕಾಣಿಸದೆ ಇರುವುದಿಲ್ಲ. ಅದು ಹೇಗೆಂದು ಹೇಳುತ್ತೇನೆ. ಎರಡನೆಯ ಮಣಿಯಿಂದ ಕೆಳಗೆ ಮಣಿ ಮಣಿಗಳ ನಡುವೆ ಒಂದೊಂದು ಬಿಲ್ಲೆಯಿದೆ. ಸುತ್ತಲೂ ನಾರಿನ ಪದರಗಳು, ನಡುವೆ ಲೋಳೆಯಂಥ ತಿರುಳು. ಎಳೆಯ ವಯಸ್ಸಿನಲ್ಲಿ ಆ ತಿರುಳಿನಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಪಾಲು ಬರಿಯ ನೀರು. ಎಳನೀರು ಕೆತ್ತಿಸಿದಾಗ ಒಳಗೆ ತೆಳ್ಳಗೆ ನಡುಗುವ ಗಂಜಿಯನ್ನು ನೆನೆದುಕೊಳ್ಳಿ. ಅದೇ ಕಾಯಾಗಿ ಬಲಿತು ಕಡೆಗೆ ಕೊಬ್ಬರಿಯಾಗುವಂತೆ ಈ ತಿರುಳೂ ವರ್ಷದಿಂದ ವರ್ಷಕ್ಕೆ ನೀರನ್ನು ಕಳೆದುಕೊಂಡು ನಾರಾಗುತ್ತ ಹೋಗುತ್ತದೆ. ಕತ್ತಿನಲ್ಲಿ ಈ ಕೆಲಸ ಬಹಳ ಬೇಗ ಮೊದಲಾಗುತ್ತದೆ. ಯೌವನದಲ್ಲಿಯೇ ಅದರ ಗುರುತುಗಳು ಕಾಣುತ್ತವೆ.

ಮೇಷ್ಟ್ರು: ಒಣಗಿದ್ದಕ್ಕೆ ಮತ್ತೆ ನೀರೆರೆಯಲು ರಕ್ತವಿಲ್ಲವೆ?

ವೈದ್ಯೆ: ಅಲ್ಲಿಯೇ ಇದರ ಕಷ್ಟವಿರುವುದು. ಬಲಿತ ಬಿಲ್ಲೆಯ ನಡುಭಾಗಕ್ಕೆ ರಕ್ತನಾಳವೇ ಇಲ್ಲ. ಮೇಲಿನ ಕೆಳಗಿನ ಮಣಿಗಳ ಮೈಯಿಂದ ಜಿನುಗಿ ಬಂದುದೇ ಅದಕ್ಕೆ ಅನ್ನ. ಭಾರ ಬಿದ್ದಾಗ ನೀರು ಹಿಂಡಿಕೊಳ್ಳುತ್ತದೆ, ಭಾರವಿಳಿದಾಗ ಹೀರಿಕೊಳ್ಳುತ್ತದೆ. ಬೆಳಿಗ್ಗೆ ಏಳುವಾಗ ನಮ್ಮ ಎತ್ತರ ರಾತ್ರಿಗಿಂತ ಒಂದು ಸೆಂಟಿಮೀಟರಿನಷ್ಟು ಹೆಚ್ಚಾಗಿರುವುದು ಬೆನ್ನಿನ ಎಲ್ಲ ಬಿಲ್ಲೆಗಳೂ ರಾತ್ರಿಯೆಲ್ಲ ಹೀಗೆ ಹೀರಿಕೊಂಡದ್ದರಿಂದಲೇ. ಯಾವ ಚಲನೆಯಿಂದ ಸವೆತವೋ ಆ ಚಲನೆಯಿಂದಲೇ ಪೋಷಣೆ ಎಂಬ ಈ ವಿಚಿತ್ರ ಕಟ್ಟಳೆಯನ್ನು ತಿಳಿಯದ ಜನ, ಎಕ್ಸ್‌ರೇ ನೋಡಿ ಹೆದರಿ, ಕತ್ತಿಗೆ ಪಟ್ಟಿ ಕಟ್ಟಿಕೊಂಡು ತಿಂಗಳುಗಟ್ಟಲೆ ಅಲುಗಾಡದೆ ಕುಳಿತುಬಿಡುತ್ತಾರೆ. ನೋವು ಹೆಚ್ಚಾದಾಗ ಕೆಲವು ದಿನ ಪಟ್ಟಿ ಸರಿ; ಅದೇ ಆಭರಣವಾದರೆ ಸ್ನಾಯುಗಳು ಸೊರಗಿ, ಕೀಲುಗಳು ಬಿಗಿದು, ಇಲ್ಲದ ಕಾಯಿಲೆಯನ್ನು ಕರೆದು ತಂದಂತಾಗುತ್ತದೆ. ಇದನ್ನು ಎಷ್ಟು ಜನರಿಗೆ ಹೇಳಿದರೂ ನನಗೆ ಸಾಕೆನಿಸುವುದಿಲ್ಲ.

ಮೇಷ್ಟ್ರು: ಕಾಗದದಲ್ಲಿ ಅಂಚಿನ ಎಲುಬು ಬೆಳೆದಿದೆಯೆಂದೂ ಬರೆದಿದೆಯಲ್ಲ?

ವೈದ್ಯೆ: ಬಿಲ್ಲೆ ತಗ್ಗಿದರೆ ಮಣಿಗಳು ಹತ್ತಿರವಾಗುತ್ತವೆ, ನಾರಿನ ಪದರ ಹೊರಕ್ಕೆ ಉಬ್ಬುತ್ತದೆ, ಹಿಂಬದಿಯ ಕೀಲುಗಳ ಮೇಲೆ ಹೊರೆ ಹೆಚ್ಚುತ್ತದೆ. ಆಗ ದೇಹವು, ಓಲಿದ ಗೋಡೆಗೆ ಒತ್ತುಗೋಡೆ ಕಟ್ಟುವ ಮೇಸ್ತ್ರಿಯಂತೆ, ಮಣಿಯ ಅಂಚಿನಲ್ಲಿ ಹೊಸ ಎಲುಬನ್ನು ಬೆಳೆಸಿ ಅಡಿಪಾಯವನ್ನು ಅಗಲಮಾಡುತ್ತದೆ. ಕತ್ತಿನಲ್ಲಿ ಅತಿ ಹೆಚ್ಚು ಬಾಗುವ ಎಡೆಗಳಲ್ಲಿ ಐದು-ಆರನೆಯ ಮಣಿಗಳ ನಡು ಒಂದು. ಆದುದರಿಂದ ಸವೆತವೂ ಮೊದಲು ಅಲ್ಲಿಯೇ, ಅನಂತರ ಆರು-ಏಳರ ನಡುವೆ. ತಮ್ಮ ಚಿತ್ರದಲ್ಲಿರುವುದು ಅಷ್ಟೇ. 1990ರಲ್ಲಿ ಅಮೆರಿಕದ ವೈದ್ಯರು ಕತ್ತಿನ ನೋವೆಂಬುದನ್ನೇ ಅರಿಯದ 63 ಜನರನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ನೋಡಿದರು; 40 ದಾಟಿದವರಲ್ಲಿ ನೂರಕ್ಕೆ 60ರ ಹತ್ತಿರ ಜನರಲ್ಲಿ ಬಿಲ್ಲೆ ಸವೆದೋ ತಗ್ಗಿಯೋ ಇತ್ತು. ಅವರೆಲ್ಲ ರೋಗಿಗಳೆ? ಚಿತ್ರಕ್ಕೂ ನೋವಿಗೂ ಇರುವ ನಂಟು ಬಹಳ ಸಡಿಲ. ಇದಲ್ಲದೆ, ಕೆಳಗಿನ ಕೀಲುಗಳು ಬಿಗಿದ ಮೇಲೂ ಈ ಉಂಗುರ-ಹಲ್ಲುಗಳ ಜೋಡಿ ಬಹುಕಾಲ ಸಡಿಲವಾಗಿಯೇ ಉಳಿದು ಮುದುಕರ ಕತ್ತನ್ನು ತಿರುಗಿಸುತ್ತಿರುತ್ತದೆ.

ಮೇಷ್ಟ್ರು: ಎದೆಯ ಮೇಲಿನ ಕಲ್ಲನ್ನು ಇಳಿಸಿದೆ ತಾಯಿ. ಹಾಗಿದ್ದ ಮೇಲೆ, ಕ್ಷೌರದಂಗಡಿಯವನು ಕತ್ತಿನ ಲಟಿಕೆ ತೆಗೆದರೆ ಹಗುರವಾಗುತ್ತದೆಂದು ಹೇಳುತ್ತಿದ್ದ, ಆಗಬಹುದೆ?

ವೈದ್ಯೆ: ಬೇಡ, ಖಂಡಿತ ಬೇಡ. ಉಂಗುರದ ಈ ಪಕ್ಕದ ರಂಧ್ರವನ್ನು ನೋಡಿ, ಆ ಪಕ್ಕದಲ್ಲಿಯೂ ಇದೆ. ಕತ್ತಿನ ಮಣಿಗಳ ವಿಶೇಷ ಲಕ್ಷಣವೇ ಇದು. ಆರನೆಯ ಮಣಿಯಿಂದ ಮೇಲಕ್ಕೆ ಒಂದೊಂದು ರಂಧ್ರದಲ್ಲಿ ನುಸುಳಿ ಬಂದ ಅಪಧಮನಿ, ಇಲ್ಲಿ ಹೊರಬಂದು, ಉಂಗುರದ ಹಿಂದಣ ಈ ತೋಡಿನಲ್ಲಿ ಹಾವಿನಂತೆ ಸುತ್ತಿ, ತಲೆಬುರುಡೆಯೊಳಕ್ಕೆ ಏರಿ ಮಿದುಳಿನ ಹಿಂಭಾಗಕ್ಕೆ ರಕ್ತವನ್ನು ಒಯ್ಯುತ್ತದೆ. ಕತ್ತನ್ನು ಹಠಾತ್ತನೆ ತಿರುಚಿದಾಗ ಆ ನಾಳದ ಒಳಪದರ ಹರಿದು ಪಾರ್ಶ್ವವಾಯು ಆದದ್ದುಂಟು. ಮೆಲ್ಲನೆ ತಾವೇ ತಿರುಗಿಸಿಕೊಳ್ಳುವುದು ಬೇರೆ, ಪರರ ಕೈಗೆ ಕತ್ತು ಕೊಡುವುದು ಬೇರೆ. ಅದಿರಲಿ, ಈ ನೋವು ತೋಳಿಗೆ ಇಳಿಯುತ್ತದೆಯೆ? ಮಣಿಗಳು ಏಳಾದರೂ ಕತ್ತಿನಿಂದ ಹೊರಡುವ ನರಗಳು ಎಂಟು ಜೋಡಿ; ಎಲುಬು ಬೆಳೆದು ಅವುಗಳ ಕಿಂಡಿ ಕಿರಿದಾದರೆ ಬೆರಳುಗಳೇ ಸಾಕ್ಷಿ ಹೇಳುತ್ತವೆ. ಆರನೆಯ ನರಕ್ಕೆ ಹೆಬ್ಬೆರಳು, ಏಳನೆಯದಕ್ಕೆ ನಡುಬೆರಳು, ಎಂಟನೆಯದಕ್ಕೆ ಕಿರುಬೆರಳು.

ಮೇಷ್ಟ್ರು: ನೋವೇನೂ ಇಳಿಯುವುದಿಲ್ಲ. ಎರಡು ಕೈಗಳೂ ಸ್ವಲ್ಪ ಜಡವಾಗಿವೆ, ಅಷ್ಟೆ. ವಯಸ್ಸಾಯಿತಲ್ಲ, 74.

ವೈದ್ಯೆ: ಜಡವೆಂದರೆ ಹೇಗೆ?

ಮೇಷ್ಟ್ರು: ಅಂಗಿಯ ಗುಂಡಿ ಹಾಕಿಕೊಳ್ಳುವುದಕ್ಕೆ ಹೊತ್ತು ಹಿಡಿಯುತ್ತದೆ. ಅಕ್ಷರ ಕೆಟ್ಟಿದೆ, ಮೊನ್ನೆ ಬ್ಯಾಂಕಿನಲ್ಲಿ ಸಹಿ ಹೊಂದುವುದಿಲ್ಲವೆಂದು ಮೂರು ಸಲ ಹಾಕಿಸಿದರು. ಇದಕ್ಕೂ ಕತ್ತಿಗೂ ಏನು ಸಂಬಂಧ? ಕನ್ನಡಕ ಹಳೆಯದಾಗಿದೆ.

ವೈದ್ಯೆ: ಕಾಲು?

ಮೇಷ್ಟ್ರು: ಕಾಲಲ್ಲಿ ನೋವಿಲ್ಲ. ಚಪ್ಪಲಿ ಮಾತ್ರ ಒಮ್ಮೊಮ್ಮೆ ಗೊತ್ತಾಗದೆಯೇ ಕಳಚಿಹೋಗುತ್ತದೆ. ರಾತ್ರಿ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿಯುತ್ತೇನೆ. ಇನ್ನೊಂದು ವಿಚಿತ್ರ ಹೇಳಲೆ? ದೇವರ ಮುಂದೆ ತಲೆಬಾಗಿದೊಡನೆ ಬೆನ್ನಿನಗುಂಟ ಸೊಂಟದವರೆಗೆ ಕರೆಂಟು ಹರಿದಂತೆ ಜುಮ್ಮೆಂದು ಹೋಗುತ್ತದೆ. … ಏಕೆ ತಾಯಿ, ಸುಮ್ಮನಾದೆ?

ವೈದ್ಯೆ: ಬಲಗೈಯನ್ನು ಮುಂದೆ ಚಾಚಿ. ಮುಷ್ಟಿ ಬಿಗಿದು ಬಿಚ್ಚಿ, ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ. ನಾನು ಗಡಿಯಾರ ನೋಡಿಕೊಂಡು ಎಣಿಸುತ್ತೇನೆ. … ಸಾಕು. 10 ಸೆಕೆಂಡಿಗೆ 20 ಸಲವಾದರೂ ಆಗಬೇಕಾಗಿತ್ತು, 13 ಆಯಿತು. ಈಗ ಎದ್ದು ಈ ಕಾವಿ ನೆಲದ ಕರಿಯ ಅಂಚಿನ ಮೇಲೆ, ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ನಾಲ್ಕು ಹೆಜ್ಜೆ ನಡೆಯಿರಿ, ನಾನು ಪಕ್ಕದಲ್ಲಿಯೇ ಇದ್ದೇನೆ. … ಬೇಡ, ಬೇಡ, ಹಿಡಿದುಕೊಳ್ಳಿ. ಕುಳಿತುಕೊಳ್ಳಿ ಮೇಷ್ಟ್ರೇ. ಇದನ್ನು ನಾನು ಮೊದಲೇ ಗಮನಿಸಬೇಕಾಗಿತ್ತು. ಹಲ್ಲನ್ನು ಉಂಗುರಕ್ಕೆ ಕೂಡಿಸಲಾರದೆ ತಾವು ಎರಡು ಸಲ ಜಾರಿಸಿದಿರಿ. ಪಾಠ ಹೇಳುವ ಉತ್ಸಾಹದಲ್ಲಿ ನಾನು ಬೆರಳನ್ನು ನೋಡಲಿಲ್ಲ.

ಮೇಷ್ಟ್ರು: ಈಗ ತಾನೆ ಭಯವಿಲ್ಲವೆಂದೆಯಲ್ಲ?

ವೈದ್ಯೆ: ತಾವು ಭಯಪಟ್ಟದ್ದು ಚಿತ್ರಕ್ಕೆ ಮತ್ತು ಕರಕರ ಸದ್ದಿಗೆ, ಅವುಗಳಿಗೆ ಹೆದರಬೇಕಾಗಿಲ್ಲವೆಂದು ಹೇಳಿದ್ದು ಈಗಲೂ ನಿಜ. ವಯಸ್ಸೆಂದು ತಾವು ಬದಿಗೆ ಸರಿಸಿದ್ದನ್ನು ಮಾತ್ರ ನಾನು ಸರಿಸಲಾರೆ. ಮಣಿಗಳ ಹಿಂದೆ ಬೆನ್ನುಹುರಿ ಇಳಿಯುವ ಕಾಲುವೆ ಕತ್ತಿನ ಕೆಳಭಾಗದಲ್ಲಿ ಹಿಂದುಮುಂದಾಗಿ ಸುಮಾರು 17 ಮಿಲಿಮೀಟರ್ ಅಗಲವಿರುತ್ತದೆ. ಮುಂದಿನಿಂದ ಬಿಲ್ಲೆ ಮತ್ತು ಎಲುಬು ಒತ್ತಿ, ಹಿಂದಿನಿಂದ ಹಳದಿ ಬಣ್ಣದ ಕಟ್ಟು ದಪ್ಪವಾಗಿ ಮಡಿಸಿಕೊಂಡು ಬಂದು, ಆ ಅಗಲ 10ರ ಹತ್ತಿರಕ್ಕೆ ಇಳಿದರೆ ಹುರಿಗೆ ಉಸಿರಾಡಲು ಎಡೆಯಿಲ್ಲ. ಬಿಲ್ಲೆ ಒಮ್ಮೆಗೇ ಹೊರಬಂದು ಒತ್ತುವುದು ಬೇರೆ, ಈ ನಿಧಾನವಾದ ಸವೆತ ಹುರಿಯನ್ನು ಹಿಂಡುವುದು ಬೇರೆ ಎಂದು 1952ರಲ್ಲಿ ಲಂಡನ್ನಿನ ರಸೆಲ್ ಬ್ರೇನ್ ಮತ್ತು ಅವರ ಸಂಗಡಿಗರು ವಿವರವಾಗಿ ಬರೆದರು. ಇದರ ಕ್ರೌರ್ಯವೆಂದರೆ ಇದು ಅನೇಕರಲ್ಲಿ ನೋಯುವುದೇ ಇಲ್ಲ. ನೋವಿದ್ದರೆ ಜನ ಬರುತ್ತಾರೆ. ಗುಂಡಿ ಹಾಕಲಾಗದಿದ್ದರೆ ಅಂಗಿಯನ್ನು ಬಿಟ್ಟು ಜುಬ್ಬ ತೊಡುತ್ತಾರೆ, ಕಾಲು ತಡವರಿಸಿದರೆ ಊರುಗೋಲು ಕೊಳ್ಳುತ್ತಾರೆ, ಹೀಗೆ ವರ್ಷಗಳು ಕಳೆದುಹೋಗುತ್ತವೆ. ಬೇರೆ ಕಾರಣಗಳೂ ಇರಬಹುದು. ಎಂಆರ್‌ಐ ನೋಡದೆ ನಿಶ್ಚಯಿಸಲಾರೆ. ನಾಳೆಯೇ ಆಗಬೇಕು.

ಮೇಷ್ಟ್ರು: ಆಗಿದ್ದರೆ, ಶಸ್ತ್ರಚಿಕಿತ್ಸೆಯೆ?

ವೈದ್ಯೆ: ಹುರಿ ನಿಜವಾಗಿ ಒತ್ತಿಹೋಗಿದ್ದು ಲಕ್ಷಣಗಳು ಬೆಳೆಯುತ್ತಿದ್ದರೆ ಅದೇ ಮಾರ್ಗ. ಕತ್ತಿನ ಮುಂಭಾಗದಿಂದ, ಅನ್ನನಾಳ ಶ್ವಾಸನಾಳಗಳನ್ನು ಪಕ್ಕಕ್ಕೆ ಸರಿಸಿ, ಕೆಟ್ಟ ಬಿಲ್ಲೆಯನ್ನು ತೆಗೆದು, ಅಲ್ಲಿ ಎಲುಬಿನ ತುಂಡಿಟ್ಟು ಎರಡು ಮಣಿಗಳನ್ನು ಬೆಸೆಯುವ ಕ್ರಮ 1958ರ ಸುಮಾರಿನಲ್ಲಿಯೇ ಪ್ರಕಟವಾಯಿತು. ಇಂದು ನಮ್ಮ ಊರಿನಲ್ಲಿಯೂ ನಡೆಯುತ್ತದೆ. ಹೋದದ್ದೆಲ್ಲ ಮರಳಿ ಬರುತ್ತದೆಂದು ತಮಗೆ ಮಾತು ಕೊಡಲಾರೆ. ಇನ್ನು ಮುಂದೆ ಹೋಗದಂತೆ ತಡೆಯುವುದು ಅದರ ಮುಖ್ಯ ಉದ್ದೇಶ. ಬೇಗ ಮಾಡಿದಷ್ಟೂ ಮರಳುವುದು ಹೆಚ್ಚು.

ಮೇಷ್ಟ್ರು: ಮಣಿಗೆ ಮಣಿ ಬೆಸೆದ ಮೇಲೆ ಗೋಣು ತಿರುಗೀತೆ?

ವೈದ್ಯೆ: ತಿರುಗುತ್ತದೆ. ಬೆಸೆಯುವುದು ಕೆಳಗೆ, ಈ ಉಂಗುರವನ್ನೂ ಹಲ್ಲನ್ನೂ ಯಾರೂ ಮುಟ್ಟುವುದಿಲ್ಲ. ಬೆಳಿಗ್ಗೆ 8 ಗಂಟೆಗೆ ನಾನೇ ಗಾಡಿ ತರುತ್ತೇನೆ. ಅಲ್ಲಿಯವರೆಗೆ ಮೂರು ಮಾತು ನಡೆಸಿಕೊಡಬೇಕು: ರಾತ್ರಿ ಬಚ್ಚಲಿಗೆ ದೀಪ ಹಾಕದೆ ಹೋಗಬಾರದು, ಮೆಟ್ಟಿಲನ್ನು ಒಬ್ಬರೇ ಇಳಿಯಬಾರದು, ಚೊಂಬನ್ನು ಎತ್ತಿ ಹಿಡಿದು ತಲೆಯನ್ನು ಹಿಂದಕ್ಕೆ ಬಾಗಿಸಿ ನೀರು ಕುಡಿಯಬಾರದು. ಕತ್ತು ಹಿಂದಕ್ಕೆ ಬಾಗಿದಾಗ ಆ ಕಾಲುವೆ ಇನ್ನೂ ಕಿರಿದಾಗುತ್ತದೆ.

ಮೇಷ್ಟ್ರು: ಎಂಜಲಾಗದಂತೆ ಎತ್ತಿ ಕುಡಿಯುವುದನ್ನು ಅಮ್ಮ ಕಲಿಸಿದ್ದು, ಲೋಟ ಕಚ್ಚಿ ಕುಡಿದವನಲ್ಲ. ಆಗಲಿ, ಇಂದು ರಾತ್ರಿಯಿಂದ ಕಚ್ಚಿಯೇ ಕುಡಿಯುತ್ತೇನೆ. ಎಂಟಕ್ಕೆ ಸಿದ್ಧನಾಗಿರುತ್ತೇನೆ. ಈ ಮಣಿಗಳನ್ನು ಮಾತ್ರ ಬಟ್ಟೆಯಲ್ಲಿ ನೀನೇ ಸುತ್ತಿಕೊ ತಾಯಿ. ಗಂಟು ಹಾಕುವುದು ನನ್ನ ಬೆರಳಿಂದಾಗದು.